ಸ್ಥಳೀಯ ಆಡಳಿತ ಮತ್ತು ನಾಗರಿಕರ ಹೊಣೆ: ಸುಂದರ್ ನಗರಿಯ ಪಾಠ

ದೆಹಲಿಯ ಈಶಾನ್ಯ ಅಂಚಿನಲ್ಲಿ, ಉತ್ತರ ಪ್ರದೇಶದ ಗಡಿಗೆ ಸಮೀಪದಲ್ಲಿ, ಸುಂದರ್ ನಗರಿ ಎಂಬ ಪುನರ್ವಸತಿ ಬಡಾವಣೆ ಇದೆ. ದಿನಗೂಲಿ ಕಾರ್ಮಿಕರು, ಸಣ್ಣ ವ್ಯಾಪಾರಿಗಳು ಹಾಗೂ ಮನೆಗೆಲಸ ಮಾಡುವ ಮಹಿಳೆಯರು ಹೆಚ್ಚಾಗಿ ವಾಸಿಸುವ ಪ್ರದೇಶವಿದು. 2002ರ ಡಿಸೆಂಬರ್ 14ರಂದು ಇಲ್ಲಿ ಒಂದು ಬಹಿರಂಗ ವಿಚಾರಣೆ ಜರುಗಿತು. ಅಂದು ಜನರ ಮುಂದೆ ಓದಲಾದದ್ದು ಭಾಷಣವಲ್ಲ, ಮನವಿಪತ್ರವೂ ಅಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಆ ಬೀದಿಗಳಲ್ಲಿ ಮಾಡಿಸಿರುವುದಾಗಿ ದೆಹಲಿ ಮಹಾನಗರ ಪಾಲಿಕೆಯ ಕಡತಗಳು ಹೇಳುತ್ತಿದ್ದ ಕಾಮಗಾರಿಗಳ ವಿವರ ಅದು. ಯಾವ ಬೀದಿ, ಎಷ್ಟು ಉದ್ದ, ಯಾವ ಸಾಮಗ್ರಿ, ಎಷ್ಟು ಹಣ ಎಂಬುದನ್ನು ಒಂದೊಂದಾಗಿ ಓದಲಾಯಿತು. ಆಯಾ ಬೀದಿಯ ನಿವಾಸಿಗಳು ಎದ್ದುನಿಂತು ಆ ಕೆಲಸ ನಡೆದಿದೆಯೇ, ಇಲ್ಲವೇ ಎಂದು ಹೇಳಿದರು.

ಈ ವಿಚಾರಣೆಯನ್ನು ಏರ್ಪಡಿಸಿದ 'ಪರಿವರ್ತನ್' ಸಂಸ್ಥೆಯು 64 ಕಾಮಗಾರಿಗಳನ್ನು ಸ್ಥಳದಲ್ಲಿ ಪರಿಶೀಲಿಸಿತ್ತು. ಅವುಗಳ ಒಟ್ಟು ಮೊತ್ತ ಸುಮಾರು 1 ಕೋಟಿ 30 ಲಕ್ಷ ರೂಪಾಯಿ. ಸಂಸ್ಥೆಯ ಲೆಕ್ಕದ ಪ್ರಕಾರ ಅದರಲ್ಲಿ ಸುಮಾರು 70 ಲಕ್ಷ ರೂಪಾಯಿ ಮೌಲ್ಯದ ಕೆಲಸ ಮತ್ತು ಸಾಮಗ್ರಿ ನೆಲದ ಮೇಲೆ ಕಂಡುಬರಲಿಲ್ಲ. ವಿದ್ಯುತ್ ಮೋಟಾರು ಅಳವಡಿಸಿದ ಕೈಪಂಪುಗಳು ಕಾಗದದಲ್ಲಿ 29, ಬಡಾವಣೆಯಲ್ಲಿ 14. ಚರಂಡಿಗಳ ಮೇಲೆ ಹಾಕಿದ ಕಬ್ಬಿಣದ ಜಾಲರಿಗಳು ಕಾಗದದಲ್ಲಿ 253, ಎಣಿಸಿದಾಗ ಸಿಕ್ಕಿದವು 30. ಪರಿವರ್ತನ್‌ನ ಪ್ರಮುಖರು ಮುಂದೆ ರಾಜಕೀಯವನ್ನು ಪ್ರವೇಶಿಸಿದುದು ಬೇರೆ ಸಂಗತಿ, ಅದು ಈ ಪಾಠದ ವಿಷಯವಲ್ಲ. ಇಲ್ಲಿ ಗಮನಿಸಬೇಕಾದುದು ಆ ದಿನ ಅನುಸರಿಸಿದ ವಿಧಾನ.

ಬೀದಿಯ ಚರಂಡಿ ಸರಿಯಿಲ್ಲ ಎಂದು ದೂರುವುದು ಎಲ್ಲ ಊರುಗಳಲ್ಲಿಯೂ ನಡೆಯುವ ವಾಡಿಕೆ. ಅಧಿಕಾರಿ ದೂರನ್ನು ಸ್ವೀಕರಿಸುತ್ತಾನೆ, ಅನುದಾನವಿಲ್ಲ ಎನ್ನುತ್ತಾನೆ, ದೂರು ಅಲ್ಲಿಗೆ ಮುಗಿಯುತ್ತದೆ. ಸುಂದರ್ ನಗರಿಯ ನಿವಾಸಿಗಳು ಹೊಸ ಚರಂಡಿಯನ್ನು ಬೇಡಲಿಲ್ಲ. ಈಗಾಗಲೇ ಕಟ್ಟಿ, ಹಣ ಪಾವತಿಯಾಗಿದೆ ಎಂದು ಬರೆದಿಟ್ಟ ಚರಂಡಿ ಎಲ್ಲಿದೆ ಎಂದು ಕೇಳಿದರು. ಅನುದಾನವಿಲ್ಲ ಎಂಬುದು ಈ ಪ್ರಶ್ನೆಗೆ ಉತ್ತರವಾಗಲಾರದು.

ಈ ವಿಧಾನ ದೆಹಲಿಯಲ್ಲಿ ಹುಟ್ಟಿದುದಲ್ಲ. ರಾಜಸ್ಥಾನದ ಗ್ರಾಮಗಳಲ್ಲಿ ಕೆಲಸ ಮಾಡುತ್ತಿದ್ದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಗ್ರಾಮದಲ್ಲಿ ತನ್ನ ಮೊದಲ 'ಜನ್ ಸುನ್‌ವಾಯಿ'ಯನ್ನು, ಎಂದರೆ ಜನರ ಮುಂದಿನ ವಿಚಾರಣೆಯನ್ನು, ನಡೆಸಿತು. ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಕ್ಕಿರಲಿಲ್ಲ. ಹಾಜರಿ ಪಟ್ಟಿ ಮಾತ್ರ ಸಿಕ್ಕಿದೆ ಎನ್ನುತ್ತಿತ್ತು. ಆ ಪಟ್ಟಿಯನ್ನು ಕೂಲಿಯವರ ಎದುರು ಓದಿದಾಗ ಕೆಲಸಕ್ಕೇ ಹೋಗದವರ ಹೆಸರುಗಳೂ ಹೊರಬಂದವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. ಪಂಚಾಯಿತಿ ವೆಚ್ಚದ ದಾಖಲೆಗಳ ಪ್ರತಿ ಜನರಿಗೆ ದೊರೆಯಬೇಕೆಂಬುದು ಅಲ್ಲಿನ ಬೇಡಿಕೆ. ಮಾಹಿತಿ ಹಕ್ಕಿನ ಇತಿಹಾಸವನ್ನು ವಿದ್ವಾಂಸರು ಸ್ವೀಡನ್ ದೇಶದ 1766ರ ಶಾಸನದಿಂದ ಆರಂಭಿಸುವುದುಂಟು. ಭಾರತದಲ್ಲಿ 1975ರ ರಾಜ್ ನಾರಾಯಣ್ ಪ್ರಕರಣದಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು ಸಾರ್ವಜನಿಕ ಅಧಿಕಾರಿಗಳ ಸಾರ್ವಜನಿಕ ಕಾರ್ಯಗಳನ್ನು ತಿಳಿಯುವ ಹಕ್ಕು ಜನರಿಗಿದೆ ಎಂದು ಅಭಿಪ್ರಾಯಪಟ್ಟಿದ್ದರು. ಆದರೆ ನ್ಯಾಯಾಲಯದ ಮಾತು ಹಾಜರಿ ಪಟ್ಟಿಯವರೆಗೆ ಇಳಿದು ಬಂದದ್ದು ಕೂಲಿ ತಪ್ಪಿದವರ ಮೂಲಕ ಎಂಬುದನ್ನು ಮರೆಯಲಾಗದು.

ದೆಹಲಿಯ ವಿಧಾನಸಭೆ ಅಂಗೀಕರಿಸಿದ ಮಾಹಿತಿ ಹಕ್ಕು ಕಾಯಿದೆಯು 2001ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಕರ್ನಾಟಕದ ಕಾಯಿದೆ ಅದಕ್ಕೂ ಹಿಂದಿನ ವರ್ಷ, 2000ದಲ್ಲಿ, ರಚಿತವಾಗಿತ್ತು. ಸುಂದರ್ ನಗರಿಯ ದಾಖಲೆಗಳು ಹೊರಬಂದದ್ದು ದೆಹಲಿಯ ಆ ಕಾಯಿದೆಯ ಬಲದಿಂದ. ಪ್ರತಿಗಳು ಕೈಗೆ ಬಂದ ಮೇಲೆ ಅವುಗಳನ್ನು ಬೀದಿಬೀದಿಗಳಲ್ಲಿ ಓದಿ ಹೇಳಲಾಯಿತು. ತಮ್ಮ ಮನೆಯ ಮುಂದೆಯೇ ಇಷ್ಟೆಲ್ಲ ನಿರ್ಮಾಣವಾಗಿದೆ ಎಂದು ಕೇಳಿದ ಜನ ಮೊದಲು ಬೆರಗಾದರು, ಆಮೇಲೆ ಎಣಿಸತೊಡಗಿದರು.

ಅಳತೆ ಪುಸ್ತಕವನ್ನು ಓದುವ ಬಗೆ

ಸಾರ್ವಜನಿಕ ಕಾಮಗಾರಿಯ ಕಡತದಲ್ಲಿ ಹತ್ತಾರು ಕಾಗದಗಳಿರುತ್ತವೆ. ನಾಗರಿಕರಿಗೆ ಬೇಕಾದವು ಕೆಲವೇ. ಕೆಲಸಕ್ಕೆ ಎಷ್ಟು ವೆಚ್ಚವಾಗಬಹುದೆಂದು ಎಂಜಿನಿಯರ್ ಮುಂಚೆ ಸಿದ್ಧಪಡಿಸುವ ಅಂದಾಜು ಪಟ್ಟಿ, ಗುತ್ತಿಗೆದಾರನಿಗೆ ಕೊಡುವ ಕಾರ್ಯಾದೇಶ, ನಡೆದ ಕೆಲಸವನ್ನು ಅಳೆದು ಬರೆಯುವ ಅಳತೆ ಪುಸ್ತಕ ಮತ್ತು ಅದರ ಆಧಾರದ ಮೇಲೆ ಪಾವತಿಯಾಗುವ ಬಿಲ್ಲು, ಇವು ಮುಖ್ಯವಾದವು. ಇವುಗಳಲ್ಲಿ ಒಂದನ್ನು ಮಾತ್ರ ಕೇಳಬಹುದೆಂದಾದರೆ ಅಳತೆ ಪುಸ್ತಕವನ್ನೇ ಕೇಳುವುದು ಲೇಸು. ಅಂದಾಜು ಪಟ್ಟಿ ಆಗಬೇಕಾದುದನ್ನು ಹೇಳುತ್ತದೆ. ಆಗಿದೆ ಎಂದು ಸಹಿ ಹಾಕಿ ಹೇಳುವುದು ಅಳತೆ ಪುಸ್ತಕ. ಕಿರಿಯ ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಅದರಲ್ಲಿ ದಾಖಲಿಸಬೇಕು, ಮೇಲಿನ ಅಧಿಕಾರಿ ಪರಿಶೀಲಿಸಬೇಕು ಎಂಬುದು ನಿಯಮ. ಆದ್ದರಿಂದ ಸುಳ್ಳು ಅಳತೆಗೆ ಒಬ್ಬ ನಿರ್ದಿಷ್ಟ ವ್ಯಕ್ತಿ ಉತ್ತರ ಹೇಳಬೇಕಾಗುತ್ತದೆ.

ಉದಾಹರಣೆಗೆ, ಒಂದು ಓಣಿಗೆ 100 ಮೀಟರ್ ಉದ್ದ, 3 ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಹಾಕಲಾಗಿದೆ ಎಂದು ಪುಸ್ತಕದಲ್ಲಿದೆಯೆಂದು ಭಾವಿಸೋಣ. ಒಟ್ಟು 30 ಘನಮೀಟರ್ ಕಾಂಕ್ರೀಟಿಗೆ ಹಣ ಪಾವತಿಯಾಗಿರುತ್ತದೆ. ಉದ್ದ ಮತ್ತು ಅಗಲವನ್ನು ಶಾಲಾ ಬಾಲಕರೂ ಟೇಪು ಹಿಡಿದು ಅಳೆಯಬಲ್ಲರು, ಅದರಲ್ಲಿ ಮೋಸ ಮಾಡುವುದು ಕಷ್ಟ. ದಪ್ಪ ಮಾತ್ರ ಕಣ್ಣಿಗೆ ಕಾಣದು. 10 ಸೆಂಟಿಮೀಟರ್ ಇರಬೇಕಾದಲ್ಲಿ 7 ಸೆಂಟಿಮೀಟರ್ ಇದ್ದರೆ ಹಾಕಿದ ಕಾಂಕ್ರೀಟು 21 ಘನಮೀಟರ್ ಮಾತ್ರ, ಉಳಿದ 9 ಘನಮೀಟರ್ ಲೆಕ್ಕದಲ್ಲಷ್ಟೇ ಇರುತ್ತದೆ. ಮಿಶ್ರಣದ ಪ್ರಮಾಣವೂ ಹಾಗೆಯೇ. ಪಟ್ಟಿಯಲ್ಲಿ 1:2:4 ಎಂದಿದ್ದರೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಇರಬೇಕೆಂದು ಅರ್ಥ. ಸಿಮೆಂಟು ಕಡಿಮೆಯಾದರೆ ರಸ್ತೆ ಒಂದೆರಡು ಮಳೆಗಾಲಗಳಲ್ಲಿ ಅದನ್ನು ತಾನೇ ಹೇಳುತ್ತದೆ, ಆದರೆ ಅಷ್ಟು ಹೊತ್ತಿಗೆ ಬಿಲ್ಲು ಪಾವತಿಯಾಗಿರುತ್ತದೆ.

ಈ ಕಾರಣದಿಂದಲೇ 2005ರ ಕೇಂದ್ರ ಮಾಹಿತಿ ಹಕ್ಕು ಕಾಯಿದೆಯ ಒಂದು ಅಂಶ ವಿಶೇಷ ಮಹತ್ವದ್ದಾಗಿದೆ. ಕಾಗದದ ಪ್ರತಿ ಪಡೆಯುವುದಷ್ಟೇ ಮಾಹಿತಿ ಹಕ್ಕು ಎಂಬ ಭಾವನೆ ವ್ಯಾಪಕವಾಗಿದೆ. ಕಾಯಿದೆಯ 2(ಜೆ) ವಿಧಿಯ ಪ್ರಕಾರ ಕಾಮಗಾರಿಯನ್ನು ಪರಿವೀಕ್ಷಿಸುವುದು, ದಾಖಲೆಗಳಿಂದ ಟಿಪ್ಪಣಿ ಮಾಡಿಕೊಳ್ಳುವುದು ಹಾಗೂ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವುದು ಸಹ ಆ ಹಕ್ಕಿನಲ್ಲಿ ಸೇರಿದೆ. ಬೀದಿಯಲ್ಲಿ ಹಾಕಿದ ಕಾಂಕ್ರೀಟಿನ ತುಣುಕನ್ನು ಕಾನೂನಿನ ಮೂಲಕ ಕೇಳಬಹುದೆಂಬುದು ಬಹುಮಂದಿಗೆ ತಿಳಿದಿಲ್ಲ. ಕೆಲಸ ಮುಗಿದ ಮೇಲೂ ನಿಗದಿತ ಅವಧಿಯವರೆಗೆ ದೋಷಗಳನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕೆಂಬ ಷರತ್ತು ಕರಾರುಗಳಲ್ಲಿ ಸಾಮಾನ್ಯವಾಗಿರುತ್ತದೆ. ಆ ಅವಧಿ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದನ್ನು ಅರ್ಜಿಯಲ್ಲಿ ಕೇಳಿಟ್ಟುಕೊಂಡರೆ ಕಿತ್ತುಹೋದ ರಸ್ತೆಗೆ ಹೊಸ ಅನುದಾನ ಬೇಡಬೇಕಾಗಿಲ್ಲ.

ಕೇಳುವವರಿಗೂ ಹೊಣೆಯುಂಟು. 253 ಜಾಲರಿಗಳಿಗೆ ಹಣ ಪಾವತಿಯಾಗಿ 30 ಮಾತ್ರ ಉಳಿದಿದ್ದರೆ ಉಳಿದವೆಲ್ಲ ಹಾಕಿಯೇ ಇರಲಿಲ್ಲ ಎಂದು ತಕ್ಷಣ ತೀರ್ಮಾನಿಸುವುದು ಸರಿಯಲ್ಲ. ಕಬ್ಬಿಣದ ಜಾಲರಿಯನ್ನು ಕದ್ದು ಗುಜರಿಗೆ ಮಾರುವವರು ಪ್ರತಿ ನಗರದಲ್ಲಿಯೂ ಇದ್ದಾರೆ. ಜಾಲರಿ ಹಾಕಿದ್ದನ್ನು ಯಾರಾದರೂ ನೋಡಿದ್ದರೇ, ಚರಂಡಿಯ ಅಂಚಿನಲ್ಲಿ ಅದನ್ನು ಕೂರಿಸಿದ ಗುರುತಿದೆಯೇ ಎಂಬುದನ್ನು ಆ ಬೀದಿಯ ಹಳೆಯ ನಿವಾಸಿಗಳಿಂದ ತಿಳಿಯಬೇಕು. ಒಂದೇ ಹೆಸರಿನ ಎರಡು ಓಣಿಗಳಿದ್ದು ತಪ್ಪು ಓಣಿಯನ್ನು ಅಳೆದ ಪ್ರಸಂಗವೂ ಆಗಬಹುದು. ಎಂಜಿನಿಯರ್‌ಗೆ ಉತ್ತರಿಸಲು ಅವಕಾಶ ಕೊಡದ ವಿಚಾರಣೆ ಬರಿಯ ಗದ್ದಲವಾಗುತ್ತದೆ. ತನ್ನ ಮನೆಯ ಮೆಟ್ಟಿಲನ್ನು ಚರಂಡಿಯ ಮೇಲೆ ಚಾಚಿ ಕಟ್ಟಿ, ಹಳೆಯ ಗೋಡೆಯ ಇಟ್ಟಿಗೆ ಚೂರನ್ನು ಅದರೊಳಕ್ಕೇ ತಳ್ಳಿ, ನೀರು ಹರಿಯುವುದಿಲ್ಲ ಎಂದು ಪಾಲಿಕೆಗೆ ಅರ್ಜಿ ಬರೆಯುವ ನಾಗರಿಕರೂ ಕಡಿಮೆಯೇನಿಲ್ಲ. ಸಾರ್ವಜನಿಕ ಆಸ್ತಿಯ ರಕ್ಷಣೆಯನ್ನು ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದ ಹೇಳುವಾಗ ಇಂತಹ ಸಣ್ಣ ಸಂಗತಿಗಳೂ ಅದರಲ್ಲಿ ಸೇರುತ್ತವೆ.

ಸುಂದರ್ ನಗರಿಯಲ್ಲಿ ವಿಚಾರಣೆಯ ತರುವಾಯ ನಿವಾಸಿಗಳ ಸ್ಥಳೀಯ ಸಮಿತಿಗಳು ಬ್ಲಾಕುಗಳಲ್ಲಿ ರಚನೆಯಾದವು. ಕೆಲಸ ಮುಗಿದ ಮೇಲೆ ಲೆಕ್ಕ ಕೇಳುವುದಕ್ಕಿಂತ, ನಡೆಯುತ್ತಿರುವಾಗಲೇ ಕರಾರಿನ ಪ್ರತಿಯನ್ನು ಹಿಡಿದು ನೋಡುವುದು ಸುಲಭವೆಂದು ಅನುಭವ ಕಲಿಸಿತ್ತು.

ಯಾರನ್ನು ಕೇಳಬೇಕು?

ದೆಹಲಿಯಲ್ಲಿ ಪ್ರಶ್ನೆ ಕೇಳುವುದಕ್ಕಿಂತ ಯಾರನ್ನು ಕೇಳಬೇಕೆಂದು ತಿಳಿಯುವುದು ಕಷ್ಟ. ಕರ್ನಾಟಕದಿಂದ ವರ್ಗವಾಗಿ ಬಂದು ರಾಮಕೃಷ್ಣಪುರಂನಂತಹ ಸರ್ಕಾರಿ ವಸತಿ ಪ್ರದೇಶದಲ್ಲಿ ನೆಲೆಸುವ ನೌಕರರಿಗೆ ಇದು ಬೇಗನೆ ಅರಿವಾಗುತ್ತದೆ. ಮನೆಯ ಸೋರುವ ಕೊಳಾಯಿ ಕೇಂದ್ರ ಲೋಕೋಪಯೋಗಿ ಇಲಾಖೆಗೆ ಸೇರಿದ್ದು, ಬೀದಿಯ ಕಸ ಮಹಾನಗರ ಪಾಲಿಕೆಗೆ. ನಗರದಲ್ಲಿ 60 ಅಡಿ ಮತ್ತು ಅದಕ್ಕಿಂತ ಅಗಲವಾದ ಮುಖ್ಯರಸ್ತೆಗಳು ದೆಹಲಿ ಸರ್ಕಾರದ ಲೋಕೋಪಯೋಗಿ ಇಲಾಖೆಯ ವಶದಲ್ಲಿದ್ದರೆ ಒಳಗಿನ ರಸ್ತೆಗಳು ಬಹುಮಟ್ಟಿಗೆ ಪಾಲಿಕೆಯವು. ಕುಡಿಯುವ ನೀರು ಮತ್ತು ಒಳಚರಂಡಿ ಜಲ ಮಂಡಳಿಗೆ, ನಜಫ್‌ಗಢದಂತಹ ದೊಡ್ಡ ನಾಲೆ ನೀರಾವರಿ ಮತ್ತು ಪ್ರವಾಹ ನಿಯಂತ್ರಣ ಇಲಾಖೆಗೆ ಸೇರಿವೆ. ಭೂಮಿಯ ವಿಷಯ ಬಂದರೆ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮತ್ತು ಪೊಲೀಸು, ಎರಡೂ ಕೇಂದ್ರ ಸರ್ಕಾರದ ಅಧೀನ. ರಾಷ್ಟ್ರಪತಿ ಭವನ, ಸಂಸತ್ತು ಇರುವ ಪ್ರದೇಶಕ್ಕೆ ನವದೆಹಲಿ ಪುರಸಭೆ ಬೇರೆಯೇ ಇದೆ, ದಂಡುಪ್ರದೇಶಕ್ಕೆ ಅದರದೇ ಮಂಡಳಿ. 1958ರಲ್ಲಿ ಸ್ಥಾಪಿತವಾದ ಮಹಾನಗರ ಪಾಲಿಕೆಯನ್ನು 2012ರಲ್ಲಿ ಮೂರಾಗಿ ಒಡೆದು 2022ರಲ್ಲಿ ಮತ್ತೆ ಒಂದುಗೂಡಿಸಲಾಯಿತು. ಆದ್ದರಿಂದ ಸುಂದರ್ ನಗರಿಯ ಸುತ್ತಲಿನ 2015ರ ಕಾಮಗಾರಿಯ ಕಡತವೊಂದನ್ನು ಹುಡುಕುವವರು ಅದರ ಮೇಲೆ ಪೂರ್ವ ದೆಹಲಿ ಪಾಲಿಕೆಯ ಹೆಸರನ್ನು ಕಂಡು ಅಚ್ಚರಿಪಡಬೇಕಾಗಿಲ್ಲ.

ಹೀಗಿರುವಾಗ ನೀರು ನಿಂತ ರಸ್ತೆಯ ಬಗ್ಗೆ ವಿಚಾರಿಸಿದರೆ ಒಂದು ಕಚೇರಿ ಇನ್ನೊಂದರತ್ತ ಬೆರಳು ತೋರುವುದು ಸಹಜ. ಅದಕ್ಕೆ ಕಾಯಿದೆಯಲ್ಲಿಯೇ ಪರಿಹಾರವಿದೆ. 6(3)ನೆಯ ಉಪವಿಧಿಯಂತೆ, ಕೇಳಿದ ಮಾಹಿತಿ ಬೇರೊಂದು ಪ್ರಾಧಿಕಾರದ ಬಳಿಯಿದ್ದರೆ ಅರ್ಜಿಯನ್ನು ಸ್ವೀಕರಿಸಿದವರೇ ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ನಮ್ಮದಲ್ಲ ಎಂದು ಹಿಂದಿರುಗಿಸುವಂತಿಲ್ಲ. ಹಲವರ ಕೈಯಲ್ಲಿ ಹಂಚಿಹೋದ ರಾಜಧಾನಿಯಲ್ಲಿ ಈ ಒಂದು ಸಾಲು ನಾಗರಿಕರ ಅದೆಷ್ಟೋ ಅಲೆದಾಟವನ್ನು ತಪ್ಪಿಸಬಲ್ಲುದು.

ರಾಷ್ಟ್ರ ರಾಜಧಾನಿ ಪ್ರದೇಶ ಎಂದಾಗ ದೆಹಲಿಯೊಂದೇ ಅಲ್ಲದೆ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳ ಜಿಲ್ಲೆಗಳೂ ಅದರೊಳಗೆ ಬರುತ್ತವೆ. ಗುರುಗ್ರಾಮಕ್ಕೆ 2008ರಲ್ಲಿ ಮಹಾನಗರ ಪಾಲಿಕೆ ಬಂದಿತು. ನೊಯ್ಡಾದ ಸ್ಥಿತಿ ಮಾತ್ರ ವಿಚಿತ್ರವಾದುದು. 1976ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಶಾಸನದಡಿ ರಚಿತವಾದ ಪ್ರಾಧಿಕಾರವೇ ಅಲ್ಲಿ ನಗರಾಡಳಿತವನ್ನೂ ನಡೆಸುತ್ತ ಬಂದಿದೆ. ಲಕ್ಷಾಂತರ ಜನ ವಾಸಿಸುವ ಆ ನಗರದ ನಿವಾಸಿಗಳಿಗೆ ವಾರ್ಡಿನ ಸದಸ್ಯರನ್ನು ಚುನಾಯಿಸುವ ಅವಕಾಶ ದೊರೆತಿಲ್ಲ. ಕೈಗಾರಿಕಾ ನಗರಗಳಿಗೆ ಇಂತಹ ವಿನಾಯಿತಿಯನ್ನು ಸಂವಿಧಾನದ 243ಕ್ಯೂ ಅನುಚ್ಛೇದವೇ ಒದಗಿಸುತ್ತದೆ. ಮತದ ಮೂಲಕ ಉತ್ತರ ಪಡೆಯಲಾಗದ ಇಂತಹ ಕಡೆ ದಾಖಲೆಯ ಮೂಲಕ ಉತ್ತರ ಪಡೆಯುವ ಹಕ್ಕು ಇನ್ನಷ್ಟು ಬೆಲೆಯುಳ್ಳದ್ದು, ಏಕೆಂದರೆ ಪ್ರಾಧಿಕಾರವೂ ಮಾಹಿತಿ ಹಕ್ಕು ಕಾಯಿದೆಗೆ ಒಳಪಟ್ಟಿದೆ.

ಅರ್ಜಿಯ ಸ್ವರೂಪ

2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಕೇಂದ್ರ ಕಾಯಿದೆಯಡಿ ಅರ್ಜಿ ಸಲ್ಲಿಸಲು ಕಾರಣ ಹೇಳಬೇಕಾಗಿಲ್ಲ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ಮಾಹಿತಿ ಅಧಿಕಾರಿ ನೆರವಾಗಬೇಕು. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು. ಇದರಂತೆ ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗೂ ಕನ್ನಡದಲ್ಲಿ ಅರ್ಜಿ ಕೊಡಲು ಅವಕಾಶವಿದೆ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿ ಹಿಂದಿ ಇಲ್ಲವೆ ಇಂಗ್ಲಿಷನ್ನು ಆಶ್ರಯಿಸಬೇಕು. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕೆಂಬ ನಿರ್ಬಂಧವಿದೆ. ಇದರ ಬಗ್ಗೆ ಆಕ್ಷೇಪಗಳಿವೆಯಾದರೂ ಚಿಕ್ಕ ಅರ್ಜಿಯೇ ಪರಿಣಾಮಕಾರಿ ಎಂಬುದೂ ನಿಜ. 'ನಮ್ಮ ವಾರ್ಡಿನಲ್ಲಿ ಅಭಿವೃದ್ಧಿ ಏಕೆ ಆಗಿಲ್ಲ' ಎಂಬುದಕ್ಕೆ ಯಾವ ಕಡತದಲ್ಲಿಯೂ ಉತ್ತರ ಇರುವುದಿಲ್ಲ. ಇಂಥ ರಸ್ತೆಯ ಇಂಥ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ ಎಂದರೆ ಕೊಡಬೇಕು, ಇಲ್ಲವೆ ಇಲ್ಲ ಎಂದು ಬರೆದು ಕೊಡಬೇಕು.

ಉತ್ತರಕ್ಕೆ 30 ದಿನಗಳ ಗಡುವಿದೆ. ಬರದಿದ್ದರೆ ಅಥವಾ ತೃಪ್ತಿಕರವಾಗಿರದಿದ್ದರೆ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ವಿಧಿಸಬಹುದು. ಎರಡನೆಯ ಮೇಲ್ಮನವಿಯನ್ನು ಇಂತಿಷ್ಟು ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂದು ಕಾಯಿದೆ ಹೇಳಿಲ್ಲ, ಇದು ಅದರ ದೊಡ್ಡ ಕೊರತೆ. ಹಲವು ಆಯೋಗಗಳಲ್ಲಿ ಹುದ್ದೆಗಳು ಖಾಲಿ ಉಳಿದು, ಮೇಲ್ಮನವಿಗಳು ವರ್ಷಕ್ಕೂ ಮೀರಿ ಕಾಯುತ್ತವೆ. ರಸ್ತೆಯ ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ ಬರುವ ಆದೇಶದಿಂದ ರಸ್ತೆಗೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಪಡಿತರದ ಲೆಕ್ಕ

ಚರಂಡಿ, ರಸ್ತೆಗಳಂತೆ ಪಡಿತರವೂ ಸುಂದರ್ ನಗರಿಯಲ್ಲಿ ಪ್ರಶ್ನೆಗೆ ಒಳಗಾಯಿತು. ಅಂತ್ಯೋದಯ ಚೀಟಿಯಿದ್ದೂ ಧಾನ್ಯ ಸರಿಯಾಗಿ ಸಿಗದಿದ್ದ ಅಲ್ಲಿನ ಬಡ ಮಹಿಳೆಯೊಬ್ಬರು ತಮ್ಮ ಹೆಸರಿನಲ್ಲಿ ವಿತರಣೆಯಾದ ಧಾನ್ಯದ ದಾಖಲೆಯನ್ನು ಕೇಳಿ ಪಡೆದರು. ಪ್ರತಿ ತಿಂಗಳೂ 25 ಕಿಲೊ ಗೋಧಿ, 10 ಕಿಲೊ ಅಕ್ಕಿ ಕೊಟ್ಟಿರುವುದಾಗಿ ಅದರಲ್ಲಿತ್ತು. ರಸೀದಿಗಳ ಮೇಲೆ ಹೆಬ್ಬೆಟ್ಟಿನ ಗುರುತುಗಳಿದ್ದವು. ಆಕೆ ಅಕ್ಷರಸ್ಥೆ, ಯಾವಾಗಲೂ ಸಹಿ ಹಾಕುವವರು. ಆ ಬಳಿಕ ಅವರ ಪಾಲಿನ ಧಾನ್ಯ ಅವರಿಗೆ ದೊರೆಯತೊಡಗಿತು. ಒಬ್ಬರ ಅನುಭವ ಹರಡಿ ಅನೇಕರು ತಮ್ಮ ಚೀಟಿಯ ಲೆಕ್ಕವನ್ನು ಕೇಳಿದರು. ಇದಕ್ಕೆ ಪ್ರತಿರೋಧವೂ ಬಂದಿತು. ಪಡಿತರದ ಪ್ರಶ್ನೆಯನ್ನು ಎತ್ತಿದ್ದ ಸುಂದರ್ ನಗರಿಯ ಯುವ ಕಾರ್ಯಕರ್ತೆಯೊಬ್ಬರ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಇಂತಹ ಅರ್ಜಿಗಳನ್ನು ಒಬ್ಬರೇ ಹಾಕುವ ಬದಲು ಬೀದಿಯ ಹತ್ತು ಜನ ಸೇರಿ ಹಾಕುವುದು ಕ್ಷೇಮಕರ ಎಂಬುದನ್ನು ಅಲ್ಲಿಯ ಜನ ಅರಿತದ್ದು ಹೀಗೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 27ನೆಯ ವಿಧಿಯು ಪಡಿತರ ವ್ಯವಸ್ಥೆಯ ದಾಖಲೆಗಳನ್ನು ಸಾರ್ವಜನಿಕರ ಪರಿಶೀಲನೆಗೆ ಮುಕ್ತವಾಗಿ ಇಡಬೇಕೆಂದೂ 28ನೆಯ ವಿಧಿಯು ನ್ಯಾಯಬೆಲೆ ಅಂಗಡಿಗಳ ಸಾಮಾಜಿಕ ಲೆಕ್ಕ ಪರಿಶೋಧನೆ ನಡೆಯಬೇಕೆಂದೂ ಹೇಳುತ್ತವೆ. ಇನ್ನೊಂದು ಕಡೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆಯು ಮಾಹಿತಿ ಹಕ್ಕಿನ 8(1)(ಜೆ) ಖಂಡವನ್ನು ಬದಲಾಯಿಸಿದೆ, ಆ ಬದಲಾವಣೆ 2025ರ ನವೆಂಬರ್‌ನಲ್ಲಿ ಜಾರಿಗೊಂಡಿದೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಖಾಸಗಿ ವಿವರವನ್ನು ಮಾತ್ರ ತಡೆಹಿಡಿಯಬಹುದೆಂಬ ಹಿಂದಿನ ಮಾತಿನ ಬದಲು ವೈಯಕ್ತಿಕ ಮಾಹಿತಿಯೆಲ್ಲವೂ ವಿನಾಯಿತಿಯೊಳಗೆ ಬಂದಿದೆ. ಹೆಸರುಗಳಿರುವ ಹಾಜರಿ ಪಟ್ಟಿ, ಫಲಾನುಭವಿ ಪಟ್ಟಿಗಳನ್ನು ಕೇಳುವವರಿಗೆ ಇದರಿಂದ ತೊಡಕಾಗಬಹುದು. ಸಾರ್ವಜನಿಕ ಹಿತ ಹೆಚ್ಚಿನದೆಂದು ಕಂಡಲ್ಲಿ ಮಾಹಿತಿ ಕೊಡಬಹುದೆಂಬ 8(2)ನೆಯ ಉಪವಿಧಿ ಹಾಗೆಯೇ ಉಳಿದಿರುವುದರಿಂದ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸುವುದು ಒಳ್ಳೆಯದು. ಅಳತೆ ಪುಸ್ತಕದಲ್ಲಿ ಇರುವುದು ಬೀದಿಯ ಅಳತೆ, ಯಾರ ಖಾಸಗಿ ಬದುಕೂ ಅಲ್ಲ. ಅಲ್ಲಿ ಈ ತಕರಾರು ಏಳಲು ಕಾರಣವಿಲ್ಲ.

ಅರ್ಜಿಗೆ ಸೂಕ್ತ ಕಾಲವೂ ಒಂದಿದೆ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಕೊನೆಯ ವಾರಗಳಲ್ಲಿ ಬಿಲ್ಲುಗಳು ಅವಸರದಿಂದ ಪಾವತಿಯಾಗುತ್ತವೆ. ಏಪ್ರಿಲ್ ಮೊದಲ ವಾರದಲ್ಲಿ ವಾರ್ಡಿನ ಕಾಮಗಾರಿಗಳ ಪಟ್ಟಿ ಮತ್ತು ಅಳತೆ ಪುಸ್ತಕಗಳನ್ನು ಕೇಳಿದರೆ ಮೇ ಮೊದಲ ವಾರದಲ್ಲಿ ಉತ್ತರ ಕೈಸೇರಬೇಕು. ಕರ್ನಾಟಕಕ್ಕೆ ಮುಂಗಾರು ಬರುವುದು ಜೂನ್ ಆರಂಭದಲ್ಲಿ, ದೆಹಲಿಗೆ ಜೂನ್ ತಿಂಗಳ ಕೊನೆಯಲ್ಲಿ. ಚರಂಡಿಯ ಹೂಳು ತೆಗೆಯಲಾಗಿದೆ ಎಂದು ಬರೆದ ಪುಟವನ್ನು ಹಿಡಿದು ಆ ಚರಂಡಿಗೆ ಕೋಲು ಇಳಿಸಿ ನೋಡಲು ಬೆಂಗಳೂರಿನವರಿಗೆ ಸುಮಾರು ನಾಲ್ಕು ವಾರ, ದೆಹಲಿಯವರಿಗೆ ಏಳು ವಾರ ಸಿಗುತ್ತದೆ.